ಬೆರಣಿಯಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಯಜಮಾನರ ಮನೆತನದ ಕಥೆಯನ್ನು ಎರಡು ಸಲ ಓದಿದೆ. ರಷ್ಯಾದಲ್ಲಿ, ಕಪ್ಪು ಸಮುದ್ರದ ಹತ್ತಿರ ನೆಲೆಸಿದ್ದ ಜರ್ಮನ್ ಒಕ್ಕಲು ಕುಟುಂಬವೊಂದು 1870ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹುಲ್ಲುಬಯಲಿಗೆ ಬಂದ ಕಥೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ನನಗೆ ಮನಸ್ಸಿಲ್ಲ.

ಮೊದಲ ನಾಲ್ಕು ಪುಟ ಬರೀ ಯಾರು ಯಾರ ಮಗ ಅನ್ನುವ ಪಟ್ಟಿ. ಅದು ಮನೆಯವರಿಗೆ ಬೇಕು, ಓದುಗರಿಗಲ್ಲ. ಒಂಬತ್ತನೇ ಪುಟದಲ್ಲಿ ಒಂದೇ ಒಂದು ಸಾಲಿದೆ: ಮುತ್ತಜ್ಜಿ ಸಗಣಿಗೆ ಹುಲ್ಲು ಬೆರೆಸಿ, ಕುದುರೆಯಿಂದ ತುಳಿಸಿ, ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸುತ್ತಿದ್ದರು. ಅಲ್ಲಿ ನಿಂತುಬಿಟ್ಟೆ. ಮರವೇ ಇಲ್ಲದ ಬಯಲು. ಒಲೆಗೆ ಸೌದೆ ಎಲ್ಲಿಂದ ಬರಬೇಕು? ರಷ್ಯಾದ ಬಯಲಲ್ಲಿ ಕಲಿತ ಉಪಾಯ ಅದು, ಅವರ ಜೊತೆಗೇ ಹಡಗು ಹತ್ತಿ ಬಂದಿದೆ. ನೀವು ‘ಜೈವಿಕ ಇಂಧನ’ ಅಂತ ಬರೆದಿದ್ದೀರಿ. ದಯವಿಟ್ಟು ಬೆರಣಿ ಅನ್ನಿ. ನಮ್ಮ ಹಾಗೆ ಗೋಡೆಗೆ ತಟ್ಟುತ್ತಿರಲಿಲ್ಲ, ಕೊಯ್ಯುತ್ತಿದ್ದರು ಅನ್ನುವುದನ್ನೂ ಹೇಳಿ. ಕಥೆ ಇಲ್ಲಿಂದಲೇ ಶುರುವಾಗಲಿ.

‘ಒಳ್ಳೆಯ ಬದುಕು ಹುಡುಕಿ ಬಂದರು’ ಅನ್ನುವುದು ಸಾಲದು. 1871ರಲ್ಲಿ ರಷ್ಯಾ ಸರ್ಕಾರ ಅವರ ಹಳೆಯ ಸವಲತ್ತುಗಳನ್ನು ಕಿತ್ತುಕೊಂಡಿತು. ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆಯುವ ಕಾನೂನು 1874ರಲ್ಲಿ ಬಂತು. ತಾಯಂದಿರ ಹೆದರಿಕೆ ಬರೆಯಿರಿ. ಭೂಮಿ ‘ಪುಕ್ಕಟೆ’ ಸಿಕ್ಕಿತು ಅಂತಲೂ ಬರೆಯಬೇಡಿ. ಒಕ್ಕಲಿಗೆ ಸರ್ಕಾರಿ ಭೂಮಿ ಕೊಡುವ 1862ರ ಹೋಮ್‌ಸ್ಟೆಡ್ ಕಾಯಿದೆಯ 160 ಎಕರೆ ಕೈಗೆ ಬರಬೇಕಾದರೆ ಅಲ್ಲೇ ಮನೆ ಕಟ್ಟಿ, ಐದು ವರ್ಷ ಉಳುಮೆ ಮಾಡಬೇಕಿತ್ತು. 1874ರಲ್ಲಿ ಮಿಡತೆ ದಂಡು ಬಂದು ಪೈರು ತಿಂದುಹಾಕಿತು.

‘ಖಾಲಿ ಬಿದ್ದಿದ್ದ ನೆಲ’ ಅನ್ನುವ ಮಾತು ತೆಗೆಯಲೇಬೇಕು. ಖಾಲಿ ಇರಲಿಲ್ಲ. ಅಮೆರಿಕದ ಮೂಲನಿವಾಸಿಗಳಾದ ಪಾವ್ನೀ ಜನ ಆ ಸೀಮೆಯವರು. ನಿಮ್ಮವರು ಬಂದಿಳಿದ ವರ್ಷಗಳಲ್ಲೇ ಅವರ ಕೊನೆಯ ಗುಂಪುಗಳು ನೆಬ್ರಾಸ್ಕಾ ಬಿಟ್ಟು ಈಗಿನ ಓಕ್ಲಹೋಮಾ ಕಡೆಗೆ ಹೋಗಬೇಕಾಯಿತು. ಅದನ್ನು ಹೇಳಿದರೆ ಮುತ್ತಜ್ಜನ ಶ್ರಮ ಸಣ್ಣದಾಗುವುದಿಲ್ಲ.

ಇನ್ನೊಂದು ಮಾತು. ಕಥೆ 1910ರಿಂದ ಒಮ್ಮೆಲೇ 1945ಕ್ಕೆ ಹಾರಿದೆ. ನಡುವೆ ಮೊದಲ ಮಹಾಯುದ್ಧ ಇತ್ತಲ್ವಾ, ಜರ್ಮನಿಯ ವಿರುದ್ಧ ಅಮೆರಿಕವೂ ಹೋರಾಡಿದ ಯುದ್ಧ? 1919ರಲ್ಲಿ ನೆಬ್ರಾಸ್ಕಾ, ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವುದನ್ನೇ ನಿಷೇಧಿಸಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಮೇಷ್ಟ್ರಿಗೆ ದಂಡ ಬಿತ್ತು. ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡುವಾಗ 1923 ಆಗಿತ್ತು.

ಈ ಸಲ ಅತ್ತೆಯವರ ಹತ್ತಿರ ಕೂತು ಕೇಳಿ: ಅವರ ಅಜ್ಜಿ ಊಟಕ್ಕೆ ಮುಂಚೆ ಯಾವ ಭಾಷೆಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು? ಅದು ಯಾವಾಗ ನಿಂತಿತು? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.