ಆಲಮಟ್ಟಿ ಹಕ್ಕಿಗಳ ಪ್ರಾಜೆಕ್ಟ್‌ಗೆ ನಂಬುವಂಥ ರೆಫರೆನ್ಸ್ ಎಲ್ಲಿ ಸಿಗುತ್ತದೆ?

ಬಾಗಲಕೋಟೆಯಲ್ಲಿ ಎಂ.ಎಸ್ಸಿ ಮಾಡುತ್ತಿದ್ದೀರಿ, ಆಲಮಟ್ಟಿ ಹಿನ್ನೀರಿನ ಹಕ್ಕಿಗಳ ಮೇಲೆ ಪ್ರಾಜೆಕ್ಟ್, ಗೈಡ್ ವಿಕಿಪೀಡಿಯ ಬೇಡ ಅಂದಿದ್ದಾರೆ, ಗೂಗಲ್ ಮಾಡಿದರೆ ಎಲ್ಲ ಕಡೆ ಅದೇ ನಾಲ್ಕು ಸಾಲು, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಬೆಳಗಾವಿ ಜಿಲ್ಲೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಓದುವಾಗ ನನಗೂ ಇದೇ ಕಷ್ಟ ಬಂದಿತ್ತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನ ಎಂ.ಎಸ್ಸಿ ಪ್ರಾಜೆಕ್ಟ್ ಖಾನಾಪುರ ತಾಲ್ಲೂಕಿನ ಬಾವಲಿಗಳ ಮೇಲಿತ್ತು. ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿ ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಎಂಬ ಅಪರೂಪದ ಬಾವಲಿ ಇದೆ. 'ಇಡೀ ಜಗತ್ತಿನಲ್ಲಿ ಇದು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ' ಅಂತ ನಾನು ಬರೆದಿದ್ದೆ. ಐದಾರು ಕಡೆ ಹಾಗೇ ಓದಿದ್ದೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಸಾಲಿನ ಮೇಲೆ ಪೆನ್ನಿಟ್ಟು, "ಇದನ್ನ ಯಾರು ನೋಡ್ಯಾರ್ರೀ? ಯಾವಾಗ ನೋಡ್ಯಾರ?" ಅಂತ ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಮನೆಗೆ ಬಂದು ಹುಡುಕಿದೆ. ಆ ಐದಾರು ಬರಹಗಳೂ ಒಂದನ್ನೊಂದು ನೋಡಿ ಬರೆದವು. ಹಿಂದೆ ಹಿಂದೆ ಹೋದಂತೆ 1913ಕ್ಕೆ ಬಂದು ನಿಂತೆ. ಓಲ್ಡ್‌ಫೀಲ್ಡ್ ಥಾಮಸ್ ಎಂಬುವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಆ ಬಾವಲಿಯನ್ನು ಮೊದಲು ವರ್ಣಿಸಿದ್ದರು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ತಾಣದಲ್ಲಿ ಆ ಹಳೆಯ ಸಂಪುಟಗಳ ಸ್ಕ್ಯಾನ್ ಸುಮ್ನೆ, ಒಂದು ಪೈಸೆ ಇಲ್ಲದೆ ಸಿಗುತ್ತವೆ. ಮುಂದಕ್ಕೆ ಹುಡುಕಿದರೆ, ಅದೇ ಬಾವಲಿ ಕಾಂಬೋಡಿಯಾದಲ್ಲಿ ಸಿಕ್ಕಿದೆ ಅಂತ 2001ರಲ್ಲೇ ಪೇಪರ್ ಬಂದಿತ್ತು. ಆಮೇಲೆ ಮೇಘಾಲಯದ ಗುಹೆಗಳಲ್ಲೂ ಸಿಕ್ಕಿತು. ಒಂದು ಕಾಲಕ್ಕೆ ನಿಜವಾಗಿದ್ದ ಸಾಲನ್ನೇ ಜನ ಇನ್ನೂ ನಕಲು ಮಾಡುತ್ತಿದ್ದರು. ಅವರ ಜೊತೆ ನಾನೂ ಮಾಡಿದ್ದೆ.

ಅವತ್ತಿನಿಂದ ಯಾವ ಸಾಲು ಓದಿದರೂ ಪರೀಕ್ಷಕರ ಆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹಾಗೆ ನೋಡಿದರೆ ವಿಕಿಪೀಡಿಯ ಓದುವುದು ತಪ್ಪಲ್ಲ. ಅಲ್ಲಿಗೇ ನಿಲ್ಲುವುದು ತಪ್ಪು. ಪುಟದ ಕೆಳಗಿನ ಪಟ್ಟಿ ಹಿಡಿದು ಮೂಲ ಪೇಪರಿಗೆ ಹೋಗಿ, ಅದನ್ನು ಓದಿ, ಅದನ್ನೇ ಉಲ್ಲೇಖಿಸಿ. ಮುಂದಕ್ಕೆ ಬರಲು ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರಿನ ಕೆಳಗೆ 'ಸೈಟೆಡ್ ಬೈ' ಅಂತ ಇರುತ್ತದೆ, ಅದನ್ನು ಒತ್ತಿ. ಆಮೇಲೆ ಯಾರು ಅದನ್ನು ಒಪ್ಪಿದರು, ಯಾರು ತಿದ್ದಿದರು ಎಲ್ಲ ಗೊತ್ತಾಗುತ್ತದೆ.

ಈಗ ನಿಮ್ಮ ಆಲಮಟ್ಟಿಗೆ ಬರೋಣ. ಹುಡುಕುವಾಗ ಇಂಗ್ಲಿಷಿನಲ್ಲಿ ಬಾಗಲಕೋಟೆ ಅಂತ ಮಾತ್ರ ಹಾಕಬೇಡಿ, ಬಾಗಲ್‌ಕೋಟ್ ಅಂತಲೂ ಹಾಕಿ. ವಿಜಯಪುರ, ಬೆಳಗಾವಿಗಳ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರಲ್ಲಿ. ಅದಕ್ಕೂ ಹಿಂದಿನದೆಲ್ಲ ಬಿಜಾಪುರ್, ಬೆಲ್ಗಾಮ್ ಹೆಸರಿನಲ್ಲಿದೆ. 1997ರವರೆಗೆ ನಿಮ್ಮ ಜಿಲ್ಲೆ ಬಿಜಾಪುರದೊಳಗೇ ಇತ್ತು ಅಲ್ವಾ, ಹಾಗಾಗಿ ಬಿಜಾಪುರ್ ಅಂತ ಹುಡುಕಿದರೆ ಜಾಸ್ತಿ ಸಿಗುತ್ತದೆ. ಇನ್ನೂ ಹಳೆಯದಕ್ಕೆ ಆ ಜಿಲ್ಲೆಯ ಹಿಂದಿನ ಹೆಸರು ಕಲಾದಗಿ ಅಂತಲೂ ಹಾಕಿ ನೋಡಿ. ಹಕ್ಕಿಯ ವೈಜ್ಞಾನಿಕ ಹೆಸರೂ ಹೀಗೇ ಬದಲಾಗಿರುತ್ತದೆ, ಹಳೆಯದು ಹೊಸದು ಎರಡನ್ನೂ ಹಾಕಬೇಕು.

ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ತಾಣದಲ್ಲಿವೆ. ಇಲ್ಲೂ ಒಂದು ಮಾತು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ಅದಕ್ಕೂ ಮೊದಲಿನ ನಮ್ಮ ಭಾಗದ ಪ್ರಬಂಧಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹುಡುಕಿ. ಪ್ರಬಂಧ ಸಿಕ್ಕರೆ ಮುನ್ನುಡಿ ಬಿಟ್ಟು ನೇರ ವಿಧಾನದ ಅಧ್ಯಾಯಕ್ಕೆ ಹೋಗಿ. ಎಷ್ಟು ಸಲ ಹೋದರು, ಯಾವ ತಿಂಗಳು, ಎಲ್ಲಿ ನಿಂತು ಎಣಿಸಿದರು ಅಂತ ಬರೆದಿಲ್ಲದಿದ್ದರೆ ಆ ಅಂಕಿ ನಿಮಗೆ ಕೆಲಸಕ್ಕೆ ಬರಲ್ಲ.

1884ರ ಬಿಜಾಪುರ ಗೆಜೆಟಿಯರ್ ಅಂತರ್ಜಾಲದಲ್ಲಿ ಸಿಗುತ್ತದೆ, ಎ.ಓ. ಹ್ಯೂಮ್ ನಡೆಸುತ್ತಿದ್ದ 'ಸ್ಟ್ರೇ ಫೆದರ್ಸ್' ಪತ್ರಿಕೆಯೂ ಸಿಗುತ್ತದೆ. ನನಗೆ ಇವು ತುಂಬ ಇಷ್ಟ. ಆದರೆ ಅವರು ನೋಡಿದ್ದು ಹರಿಯುವ ಕೃಷ್ಣೆಯನ್ನು. ನೀವು ನೋಡುತ್ತಿರುವುದು ಅಣೆಕಟ್ಟಿನ ಹಿನ್ನೀರನ್ನು. 'ಆಗ ಈ ಹಕ್ಕಿ ಇರಲಿಲ್ಲ, ಈಗ ಹೆಚ್ಚಾಗಿದೆ' ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಬೇಡಿ. ಜಾಗವೇ ಬೇರೆಯಾಗಿದೆ. ಬೇಸಿಗೆ ಹತ್ತಿರವಾದಂತೆ ನೀರು ಇಳಿದು ಕೆಸರು ಬಯಲು ತೆರೆದುಕೊಳ್ಳುತ್ತದಲ್ಲ, ರಾಜಹಂಸಗಳಿಗೆ ಬೇಕಾದದ್ದು ಆ ಗೇಣುದ್ದದ ನೀರು. ಹಾಗಾಗಿ ಎಣಿಕೆ ಮಾಡಿದ ದಿನದ ಜಲಾಶಯದ ಮಟ್ಟವನ್ನೂ ಬರೆದಿಡಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ದಿನಾ ಅದನ್ನು ಪ್ರಕಟಿಸುತ್ತದೆ.

ಈಚಿನ ದಾಖಲೆಗಳಿಗೆ, ಜನ ತಾವು ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ತಾಣ ನೋಡಿ. ಅಲ್ಲಿ ಬರೆಯುವವರು ಹವ್ಯಾಸಿಗಳು, ಆದರೆ ಅಪರೂಪದ ದಾಖಲೆಗಳನ್ನು ಬಲ್ಲವರು ಪರಿಶೀಲಿಸುತ್ತಾರೆ. ಫೋಟೋ ಇರುವ ದಾಖಲೆಗೆ ಬೆಲೆ ಜಾಸ್ತಿ. ಒಂದು ತಿಂಗಳು ಪಟ್ಟಿಯೇ ಇಲ್ಲ ಅಂದರೆ ಹಕ್ಕಿ ಇರಲಿಲ್ಲ ಅಂತಲ್ಲ, ನೋಡಲು ಯಾರೂ ಹೋಗಿರಲಿಲ್ಲ ಅಂತಲೂ ಆಗಬಹುದು. ಕೊಯಮತ್ತೂರಿನಿಂದ ಬರುವ 'ಜರ್ನಲ್ ಆಫ್ ಥ್ರೆಟೆನ್ಡ್ ಟ್ಯಾಕ್ಸಾ', ಬೆಂಗಳೂರಿನ 'ಕರೆಂಟ್ ಸೈನ್ಸ್' ಎರಡನ್ನೂ ತಪ್ಪದೆ ಜಾಲಾಡಿ. ದುಡ್ಡು ಕೊಡಬೇಕಾದ ಜರ್ನಲ್‌ಗಳ ವಿಷಯಕ್ಕೆ ನಿಮ್ಮ ಲೈಬ್ರರಿಯನ್‌ರನ್ನು ಕೇಳಿ. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಇಂಥ ಜರ್ನಲ್ ಓದಲು ಕೊಡುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ ಇದೆ, ಅನುದಾನಿತ ಕಾಲೇಜುಗಳಿಗೆ ಅಂಥದೇ ಎನ್-ಲಿಸ್ಟ್ ಇದೆ. ಎರಡೂ ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲಿನ ಮೇಲ್ ಹಾಕಿ. ನನಗೆ ಎಷ್ಟೋ ಜನ ಪಿಡಿಎಫ್ ಕಳಿಸಿದ್ದಾರೆ.

ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳಿವೆ, ಹುಷಾರು. ನಂಬುವಂಥ ಜರ್ನಲ್‌ಗಳ ಹೆಸರಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ. ಪಟ್ಟಿಯಲ್ಲಿದೆಯಾ ಅಂತ ನೋಡಿ ಸುಮ್ಮನಾಗುವ ಹಾಗಿಲ್ಲ, ಪೇಪರನ್ನೇ ಓದಿ ತೂಗಬೇಕು. ಚಾಟ್‌ಜಿಪಿಟಿ ಥರದವು ಕೊಡುವ ರೆಫರೆನ್ಸ್‌ಗಳಲ್ಲಂತೂ ಇಲ್ಲದ ಪೇಪರ್‌ಗಳೂ ಸೇರಿರುತ್ತವೆ. ಲೇಖಕರು, ಪತ್ರಿಕೆ, ಇಸವಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಪೇಪರಿನ ಗುರುತು ಸಂಖ್ಯೆಯಾದ ಡಿಒಐ ಹಾಕಿ ಪೇಪರ್ ತೆರೆಯುವವರೆಗೂ ನಿಮ್ಮ ಪಟ್ಟಿಗೆ ಸೇರಿಸಬೇಡಿ.

ಇನ್ನೊಂದು ಕೆಲಸ ಮಾಡಿ. ನೀವು ಹಿನ್ನೀರಿಗೆ ಹೋದ ಪ್ರತಿ ಸಲದ ಪಟ್ಟಿಯನ್ನು ತಾರೀಖು, ಸಮಯ, ಜಾಗದ ಸಮೇತ ಇ-ಬರ್ಡ್‌ಗೆ ಹಾಕಿ. ಹಕ್ಕಿ ಕಡಿಮೆ ಸಿಕ್ಕ ದಿನದ್ದೂ ಹಾಕಿ. ಮುಂದಿನ ವರ್ಷ ನಿಮ್ಮ ಕಾಲೇಜಿನ ಇನ್ನೊಬ್ಬರು ಇದೇ ಪ್ರಾಜೆಕ್ಟ್ ತೆಗೆದುಕೊಂಡಾಗ, ಯಾರು ನೋಡಿದ್ದಾರೆ ಅಂತ ಕೇಳಿದರೆ ತೋರಿಸಲು ನಿಮ್ಮ ಹೆಸರು ಅಲ್ಲಿರುತ್ತದೆ.