ಬೂಷ್ಟಿನ ಲೆಕ್ಕ ಯಾರ ತಲೆಗೆ?

(ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ‘ಆಹಾರ ಸುರಕ್ಷತಾ ಕಾಯಿದೆ ರೈತರಿಗೆ ಅನ್ವಯಿಸುವುದಿಲ್ಲ ಎಂದು ನೀವು ಬರೆದಿರಿ. ಹಾಗಿದ್ದರೆ ನನ್ನ ಗೋವಿನಜೋಳಕ್ಕೆ ಬೂಷ್ಟು ಬಂದಿದೆ ಎಂದು ಕ್ವಿಂಟಲಿಗೆ 200 ರೂಪಾಯಿ ಮುರಿದುಕೊಂಡದ್ದೇಕೆ? ಮನೆಯವರು ಜೋಳದ ರೊಟ್ಟಿ ಮಾರಬೇಕೆಂದಿದ್ದಾರೆ. ಅದಕ್ಕೂ ಕಾಯಿದೆ ಅಡ್ಡ ಬರುತ್ತದೆಯೇ?’)

ಮಾನ್ಯರೇ,

ನಾವು ಬರೆದದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೆವು. 2006ರ ಕಾಯಿದೆಯ ಸೆಕ್ಷನ್ 18(3) ರೈತನನ್ನೂ ಅವನ ಹೊಲದ ಬೆಳೆಯನ್ನೂ ಹೊರಗಿಟ್ಟಿದೆ. ನಿಮ್ಮ ಕಣಕ್ಕೆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಆದರೆ ಅದೇ ಕಾಳು ಮಿಲ್ಲಿಗೆ ಹೋದಾಗ ಒಂದು ಕಿಲೋದಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ 15 ಮೈಕ್ರೊಗ್ರಾಂ ದಾಟಬಾರದು. ಹತ್ತು ಟನ್ನಿನ ಲಾರಿಲೋಡಿಗೆ ಇದು ಒಂದು ಚಿಟಿಕೆ ಉಪ್ಪಿನಷ್ಟೂ ಆಗದು. ಮಾಲು ತಿರಸ್ಕೃತವಾದೀತೆಂಬ ಮಿಲ್ಲಿನವರ ಭಯ ಖರೀದಿದಾರರಿಗೆ, ಅವರಿಂದ ದಲಾಲಿಗೆ ಇಳಿದು, ಕೊನೆಗೆ ನಿಮ್ಮ ಬಿಳಿ ಚೀಟಿಯಲ್ಲಿ 200 ರೂಪಾಯಿ ಆಗುತ್ತದೆ.

ಹಾಗೆಂದು ಮಿತಿಯೇ ಬೇಡ ಎನ್ನಲಾರೆ. 1974ರಲ್ಲಿ ರಾಜಸ್ಥಾನ–ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ (ಮೆಕ್ಕೆಜೋಳ) ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬೆಳೆದು ಉಂಡವರೇ. ಈ ವಿಷ ರೊಟ್ಟಿ ಸುಟ್ಟರೂ ಪೂರ್ತಿ ಹೋಗದು. ಹಸು ತಿಂದರೆ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ.

ನನ್ನ ತಕರಾರು ಬೇರೆ. ದಲಾಲಿ ಮುಷ್ಟಿ ತುಂಬ ಕಾಳು ತೆಗೆದು, ಮೂಸಿ, ದರ ಮುರಿದನಲ್ಲ, ಅದು ಪರೀಕ್ಷೆಯಲ್ಲ. ಬೂಷ್ಟು ಕಂಡ ಕಾಳಿನಲ್ಲೆಲ್ಲ ವಿಷ ಇರಬೇಕೆಂದಿಲ್ಲ, ಚೊಕ್ಕಟ ಕಂಡದ್ದರಲ್ಲಿ ಇರಲೂಬಹುದು. ವಿಷ ರಾಶಿಯ ತುಂಬ ಸಮನಾಗಿಯೂ ಹರಡಿರುವುದಿಲ್ಲ. ಒಂದು ಚೀಲ ಶುದ್ಧ, ಪಕ್ಕದ ಚೀಲ ಕೆಟ್ಟದ್ದು. ನಾಲ್ಕಾರು ಕಡೆಯಿಂದ ಮಾದರಿ ತೆಗೆದು ಪರೀಕ್ಷಿಸದೆ ಮುರಿದುಕೊಳ್ಳುವುದಕ್ಕೆ ಸುರಕ್ಷತೆ ಎಂಬ ಹೆಸರೇಕೆ?

ನಿಮ್ಮ ಕೈಯಲ್ಲಿರುವುದು ತೇವಾಂಶ. ಬೆಂಬಲ ಬೆಲೆ ಖರೀದಿಯಲ್ಲಿ ಕೇಳುವ ಶೇಕಡಾ 14ಕ್ಕೆ ಇಳಿಸಿದರೆ ಬೂಷ್ಟು ಹೆಚ್ಚು ಬೆಳೆಯದು. ಹಸಿ ತೆನೆಯನ್ನು ಮಷಿನ್ನಿಗೆ ಕೊಟ್ಟರೆ ಕಾಳು ಒಡೆಯುತ್ತದೆ, ಬೂಷ್ಟು ಆ ಬಿರುಕಿನಿಂದಲೇ ಒಳಸೇರುತ್ತದೆ. ಹಸಿ ರಾಶಿಯನ್ನು ತಾಡಪಲ್ಲಿನಡಿ ಎರಡು ರಾತ್ರಿ ಬೆವರಿಸಬೇಡಿ. ಒಡೆದ, ಬಣ್ಣಗೆಟ್ಟ ಕಾಳು ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಹೋಗುತ್ತದೆ. ತೆಗೆದದ್ದನ್ನು ದನಕ್ಕೆ ಹಾಕಬೇಡಿ. ರಾಶಿ ಹೊತ್ತಿಗೇ ಮಳೆ ಹಿಡಿದರೆ ಏನು ಮಾಡಬೇಕೆಂದು ನೀವು ಕೇಳುತ್ತೀರಿ, ಗೊತ್ತು. ಅದಕ್ಕೆ ಎಪಿಎಂಸಿ ಪ್ರಾಂಗಣದಲ್ಲೇ ಒಣಗಿಸುವ ಯಂತ್ರ ಬೇಕು. ಮಿತಿ ಬರೆದ ಸರ್ಕಾರವೇ ಅದನ್ನೂ ಕೊಡಬೇಕು. ಒಬ್ಬೊಬ್ಬ ರೈತ ಕೊಳ್ಳುವಂಥದ್ದಲ್ಲ ಅದು.

ರೊಟ್ಟಿಯ ವಿಚಾರ: ಬೇಯಿಸಿ ಮಾರಿದೊಡನೆ ಕಾಯಿದೆ ಅನ್ವಯಿಸುತ್ತದೆ. ಸಣ್ಣ ವ್ಯಾಪಾರಕ್ಕೆ ಲೈಸೆನ್ಸ್ ಬೇಡ, ನೋಂದಣಿ ಸಾಕು.

ಮುಂದಿನ ಸಲ ಕಡಿತದ ಕಾರಣವನ್ನೂ ತೇವಾಂಶದ ಅಂಕಿಯನ್ನೂ ಬರೆದುಕೊಡಿ ಎಂದು ಕೇಳಿ. ಕೊಟ್ಟರೆ ನಕಲು ಕಳಿಸಿ. ಕೊಡದಿದ್ದರೆ ಏನಂದರೆಂದು ಬರೆಯಿರಿ, ಅಚ್ಚು ಹಾಕುತ್ತೇವೆ.

– ಸಂಪಾದಕ