ಪ್ರತಿ: ಹಬೆ ಬರುತ್ತೆ, ಚಕ್ರ ತಿರುಗಲ್ಲ

ಮೇಡಂ, ಚಿತ್ರದುರ್ಗದ ನಿಮ್ಮ ಶಾಲೆಯ ಐದನೇ ತರಗತಿ ಮಕ್ಕಳು ಮಾಡಿದ ಭೂಶಾಖ (ನೆಲದಾಳದ ಬಿಸಿ) ವಿದ್ಯುತ್ ಸ್ಥಾವರದ ಮಾದರಿಯಲ್ಲಿ ಹಬೆ ಬಂದರೂ ರಟ್ಟಿನ ಚಕ್ರ ಅಲುಗುತ್ತಿಲ್ಲ ಅಂದಿದ್ದೀರಿ. ಮೊದಲು ಆ ರಟ್ಟು ಬಿಡಿ. ಹಬೆಗೆ ನೆಂದು ಜೋತುಬೀಳುತ್ತೆ, ಭಾರವೂ ಆಗುತ್ತೆ. ತೆಳು ಅಲ್ಯೂಮಿನಿಯಂ ಟ್ರೇಯಿಂದ 8 ಸೆಂ.ಮೀ. ಅಗಲದ ಚಕ್ರ ಕತ್ತರಿಸಿ, 8 ರೆಕ್ಕೆ ಸೀಳಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಸ್ವಲ್ಪ ತಿರುಚಿ. ಅಚ್ಚಿಗೆ ಸೈಕಲ್ ಕಡ್ಡಿ ಸಾಕು. ಊದಿದರೆ ಸರಾಗ ಸುತ್ತಬೇಕು.

ಇನ್ನೊಂದು ತಪ್ಪು ಮುಚ್ಚಳದ್ದು. ಒಲೆಯ ಮೇಲೆ ಕುದಿಸುವ ಡಬ್ಬಕ್ಕೆ ಮೂರನೇ ಒಂದು ಭಾಗ ನೀರು ಸಾಕು, ತುಂಬಿಸಿದರೆ ಹಬೆಯ ಜೊತೆ ಕುದಿನೀರೇ ಚಿಮ್ಮುತ್ತೆ. ಬಾಯಿಗೆ ಎರಡು ಪದರ ಫಾಯಿಲ್ ಹಾಕಿ ಬೈಂಡಿಂಗ್ ತಂತಿಯಿಂದ ಬಿಗಿಯಿರಿ. ಅಂಚಲ್ಲಿ ಸೋರಿದರೆ ತೂತಿನಲ್ಲಿ ರಭಸ ಇರಲ್ಲ. ತೂತು ಒಂದೇ, 2 ಮಿ.ಮೀ. ಅದರಿಂದ ಒಂದೂವರೆ ಸೆಂ.ಮೀ. ಮೇಲೆ ರೆಕ್ಕೆಯ ತುದಿ ಬರಲಿ, ನಡುಭಾಗ ಬೇಡ. ಗಟ್ಟಿ ತಿರುಪು ಮುಚ್ಚಳ ಮಾತ್ರ ಬೇಡವೇ ಬೇಡ, ತೂತು ಕಟ್ಟಿಕೊಂಡರೆ ಸಿಡಿಯುತ್ತೆ. ಒಲೆ ದೊಡ್ಡವರ ಕೈಯಲ್ಲೇ ಇರಲಿ.

ಗುಡ್ಡಕ್ಕೆ ಥರ್ಮೋಕೋಲ್ ಬಳಸಿದ್ದರೆ ಡಬ್ಬದಿಂದ ದೂರವಿಡಿ, ಕರಗುತ್ತೆ. ತಣಿದ ನೀರು ಮತ್ತೆ ನೆಲದೊಳಕ್ಕೆ ಹೋಗುವ ನೀಲಿ ಕೊಳವೆಯನ್ನೂ ತೋರಿಸಿ. ತುಂಬಾ ಮಾದರಿಗಳಲ್ಲಿ ಅದೇ ಬಿಟ್ಟುಹೋಗಿರುತ್ತೆ.

ಕರೆಂಟು ಬರಲಿ ಅಂತ ಈ ಚಕ್ರಕ್ಕೆ ಆಟಿಕೆ ಮೋಟಾರು ಕಟ್ಟಿದರೆ ನಿಂತೇಬಿಡುತ್ತೆ. ಎಲ್‌ಇಡಿ ಬೇಕೆಂದರೆ ಬ್ಯಾಟರಿಯಿಂದ ಉರಿಸಿ, ಹಾಗಂತ ಚೀಟಿಯಲ್ಲಿ ಬರೆಸಿ. ನಿಮ್ಮೂರ ಪಕ್ಕದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರ ನೋಡಿದ ಮಕ್ಕಳಿಗೆ ಅಲ್ಲಿ ಗಾಳಿ, ಇಲ್ಲಿ ಹಬೆ ಅಂದರೆ ಥಟ್ಟನೆ ಹೊಳೆಯುತ್ತೆ. ಫಲಕಕ್ಕೆ ಇಟಲಿಯ ಲಾರ್ಡೆರೆಲ್ಲೊ ಹೆಸರು ಹಾಕಿ: 1904ರಲ್ಲಿ ಭೂಮಿಯ ಹಬೆಯಿಂದ ಮೊದಲು ಬಲ್ಬು ಉರಿದದ್ದು ಅಲ್ಲೇ.